ಟೈಲ್ಸ್ ಒಡೆಯುವ ಮೊದಲು

ಬಡಗಿ ಕೂರಿಸಿದ ಬಾಗಿಲು ಸೊಟ್ಟಗಿದ್ದರೆ ಅಂದೇ ಕಣ್ಣಿಗೆ ಬೀಳುತ್ತದೆ. ಬಣ್ಣ ಬಳಿದವರು ಒಂದು ಕೋಟು ಉಳಿಸಿಕೊಂಡಿದ್ದರೆ ಬಿಸಿಲು ಬಿದ್ದಾಗ ಗೋಡೆಯೇ ಹೇಳುತ್ತದೆ. ಪ್ಲಂಬರ್ ಕೆಲಸದ ಹೆಚ್ಚಿನ ಪಾಲು ಮಾತ್ರ ಗೋಡೆಯೊಳಗೆ, ನೆಲದಡಿ, ಟೈಲ್ಸ್ ಹಿಂದೆ ಸೇರಿಹೋಗುತ್ತದೆ. ನಮಗೆ ಕಾಣುವುದು ಫಳಫಳ ಹೊಳೆಯುವ ನಲ್ಲಿ ಅಷ್ಟೇ. ಒಳಗಿನ ಜಾಯಿಂಟಿಗೆ ಸಲ್ಯೂಷನ್ ಸರಿಯಾಗಿ ಹಚ್ಚಿದ್ದರೋ ಇಲ್ಲವೋ ಎಂಬುದು ತಿಳಿಯುವ ಹೊತ್ತಿಗೆ ಗೋಡೆಯ ಬಣ್ಣ ಉಬ್ಬಿರುತ್ತದೆ, ಇಲ್ಲವೇ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟಿರುತ್ತಾರೆ.

ಒಳ್ಳೆಯ ಪ್ಲಂಬರ್ ಸಿಗುವುದಿಲ್ಲ ಎನ್ನುವುದು ಬೆಂಗಳೂರಿನಿಂದ ಹಿಡಿದು ತಾಲ್ಲೂಕು ಊರಿನವರೆಗೂ ಕೇಳಿಬರುವ ದೂರು. ಸಿಗುತ್ತಾರೆ. ಆದರೆ ಸಿಕ್ಕಾಗ ಗುರುತಿಸುವುದು ಹೇಗೆಂದು ನಮಗೆ ಗೊತ್ತಿರುವುದಿಲ್ಲ. ನನ್ನ ಅಳತೆಗೋಲು ಎರಡೇ. ಉಳಿ ಸುತ್ತಿಗೆ ಎತ್ತುವ ಮೊದಲು ಕಾರಣ ಹುಡುಕುತ್ತಾರಾ? ಗೋಡೆ ಮುಚ್ಚುವ ಮೊದಲು ಮಾಡಿದ ಕೆಲಸ ತೋರಿಸುತ್ತಾರಾ? ಇದನ್ನು ನೋಡಿ ತಿಳಿಯುವುದಕ್ಕೆ ನಾವೇನೂ ಪ್ಲಂಬಿಂಗ್ ಕಲಿಯಬೇಕಿಲ್ಲ. ನಮ್ಮ ಮನೆಯ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎನ್ನುವಷ್ಟು ಗೊತ್ತಿದ್ದರೆ ಸಾಕು.

ಯಾರನ್ನು ಕೇಳುವುದು

ಪೈಪ್ ಒಡೆದು ನೀರು ಹಾಲಿಗೆ ನುಗ್ಗುತ್ತಿರುವಾಗ ಆಯ್ಕೆ ಮಾಡುವ ಪ್ರಶ್ನೆಯೇ ಬರುವುದಿಲ್ಲ. ಮೊದಲು ಫೋನ್ ಎತ್ತಿದವರೇ ದೇವರು. ಹಾಗಾಗಿ ಏನೂ ಕೆಡದಿರುವಾಗಲೇ ಹುಡುಕಿಟ್ಟುಕೊಳ್ಳಬೇಕು.

ಸಾಮಾನ್ಯವಾಗಿ ನಾವು ಹೋಗುವುದು ಹಾರ್ಡ್‌ವೇರ್ ಅಂಗಡಿಗೆ. ಅಲ್ಲಿ ನಂಬರ್ ಸಿಗುತ್ತದೆ, ತಪ್ಪಲ್ಲ. ಆದರೆ ಅಂಗಡಿಯವರು ಹೇಳುವುದು ತಮ್ಮಲ್ಲಿ ಸಾಮಾನು ಕೊಳ್ಳುವ ಪ್ಲಂಬರ್ ಹೆಸರನ್ನು ಎಂಬುದು ನೆನಪಿರಲಿ. ಅದಕ್ಕಿಂತ ಅಕ್ಕಪಕ್ಕದವರನ್ನು, ಅಪಾರ್ಟ್‌ಮೆಂಟಿನ ವಾಚ್‌ಮನ್‌ರನ್ನು, ಬೀದಿಯಲ್ಲಿ ಮನೆ ಕಟ್ಟಿಸುತ್ತಿರುವ ಗಾರೆ ಮೇಸ್ತ್ರಿಯನ್ನು ಕೇಳುವುದು ಮೇಲು. ಮೇಸ್ತ್ರಿಗೆ ಯಾವ ಪ್ಲಂಬರ್ ಹೋದ ಮೇಲೆ ತಾನು ಮತ್ತೆ ಗೋಡೆ ಒಡೆಯಬೇಕಾಯಿತು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಕೇಳುವಾಗ ‘ಕೆಲಸ ಚೆನ್ನಾಗಿದೆಯಾ’ ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. ‘ಮಾಡಿದ ಕೆಲಸ ಮತ್ತೆ ಸೋರಿದಾಗ ಕರೆದರೆ ಬಂದರಾ’ ಎಂದು ಕೇಳಿ. ಉತ್ತರ ಕೊಡುವವರ ಮುಖದಲ್ಲೇ ಅರ್ಧ ಗೊತ್ತಾಗುತ್ತದೆ.

ಕಾಗದಪತ್ರದ ಅರ್ಹತೆಯೂ ಇದೆ. ಐಟಿಐಗಳಲ್ಲಿ ಪ್ಲಂಬರ್ ಟ್ರೇಡ್ ಒಂದು ವರ್ಷದ ಕೋರ್ಸು. ಬೆಂಗಳೂರು ಜಲಮಂಡಳಿ ಪ್ಲಂಬರ್‌ಗಳಿಗೆ ಲೈಸೆನ್ಸ್ ಕೊಡುತ್ತದೆ. ಹೊಸ ಕಾವೇರಿ ಸಂಪರ್ಕ, ಒಳಚರಂಡಿ ಸಂಪರ್ಕದಂಥ ಕೆಲಸಕ್ಕೆ ಅಂಥವರೇ ಬೇಕು. ಮನೆಯೊಳಗಿನ ನಲ್ಲಿ ಸರಿಮಾಡಲು ಲೈಸೆನ್ಸ್ ಬೇಕಿಲ್ಲ, ಮತ್ತು ಅತ್ಯುತ್ತಮ ಕೆಲಸಗಾರರಲ್ಲಿ ಅನೇಕರು ಯಾವ ಸರ್ಟಿಫಿಕೇಟೂ ಇಲ್ಲದೆ ಅಣ್ಣನ ಜೊತೆ, ಮಾವನ ಜೊತೆ ಸಹಾಯಕರಾಗಿ ನಿಂತು ಕಲಿತವರು. ದೇಶದ ದೊಡ್ಡ ನಗರಗಳ ಕಟ್ಟಡ ಕೆಲಸದಲ್ಲಿ ಒಡಿಶಾದ ಕೇಂದ್ರಪಾಡಾ ಜಿಲ್ಲೆಯ ಪ್ಲಂಬರ್‌ಗಳು ಹೆಸರುವಾಸಿ. ಅಲ್ಲಿಯ ಪಟ್ಟಾಮುಂಡೈ ಸುತ್ತಲಿನ ಊರುಗಳಲ್ಲಿ ಇದು ತಲೆಮಾರುಗಳಿಂದ ಬಂದ ಕಸುಬು. ಅಲ್ಲೊಂದು ಪ್ಲಂಬಿಂಗ್ ತರಬೇತಿ ಸಂಸ್ಥೆಯೂ ಇದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ಬರುವವರಲ್ಲಿಯೂ ಒಡಿಯಾ ಮಾತಿನವರು ಕಡಿಮೆಯಿಲ್ಲ. ಭಾಷೆ ತೊಡಕಾದರೆ ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿ. ಪೈಪ್ ಲೈನಿನ ಚಿತ್ರ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ.

ಹೆಸರು ಸಿಕ್ಕ ಮೇಲೆ ಬಾತ್‌ರೂಮ್ ಪೂರ್ತಿ ಬದಲಿಸುವ ಕೆಲಸ ಕೊಟ್ಟುಬಿಡಬೇಡಿ. ಸಣ್ಣದೊಂದು ಕೆಲಸದಿಂದ ಶುರುಮಾಡಿ. ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಲೈನಿನ ಗೇಟ್‌ವಾಲ್ವ್ ಇದಕ್ಕೆ ಹೇಳಿಮಾಡಿಸಿದ್ದು. ಅನೇಕ ಮನೆಗಳಲ್ಲಿ ಅದನ್ನು ಕೂರಿಸಿದ ಮೇಲೆ ಯಾರೂ ತಿರುಗಿಸಿರುವುದಿಲ್ಲ; ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ಹಿಡಿದುಕೊಂಡಿರುತ್ತದೆ. ‘ಇದು ಪೂರ್ತಿ ಮುಚ್ಚುತ್ತದಾ ನೋಡಿ, ಯಾವ ವಾಲ್ವ್ ಯಾವ ಬಾತ್‌ರೂಮಿನದು ಅಂತ ಗುರುತು ಹಾಕಿಕೊಡಿ’ ಎಂದು ಹೇಳಿ. ಹೇಳಿದ ಹೊತ್ತಿಗೆ ಬಂದರಾ, ಬರಲಾಗದಿದ್ದರೆ ಫೋನ್ ಮಾಡಿದರಾ, ನೆಲಕ್ಕೆ ಬಿದ್ದ ಕೊಳೆ ಒರೆಸಿದರಾ ಎಂಬುದೆಲ್ಲ ಇಷ್ಟರಲ್ಲೇ ತಿಳಿಯುತ್ತದೆ. ಜೊತೆಗೆ ರಾತ್ರಿ ಪೈಪ್ ಒಡೆದರೆ ಯಾವುದನ್ನು ಮುಚ್ಚಬೇಕೆಂದು ನಿಮಗೂ ಗೊತ್ತಾಗಿರುತ್ತದೆ.

ಸೋರುತ್ತಿರುವುದು ಎಲ್ಲಿಂದ?

‘ಟೈಲ್ಸ್ ಒಡೀಲೇಬೇಕು ಸಾರ್.’ ಮನೆಗೆ ಕಾಲಿಟ್ಟ ಐದು ನಿಮಿಷದಲ್ಲಿ ಈ ಮಾತು ಬಂದರೆ ಚಹಾ ಕೊಟ್ಟು ಕಳಿಸುವುದು ಒಳ್ಳೆಯದು. ಒಡೆಯಬೇಕಾಗಿ ಬರಬಹುದು, ಅದು ಬೇರೆ. ಆದರೆ ಅದಕ್ಕಿಂತ ಮೊದಲು ಮಾಡಬೇಕಾದ ಪರೀಕ್ಷೆಗಳಿವೆ. ಅವಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು.

ಗೋಡೆಯ ತೇವಕ್ಕೆ ಮೂಲ ಮೂರು ಕಡೆ ಇರಬಹುದು. ಮೊದಲನೆಯದು ನೀರು ಬರುವ ಪೈಪ್. ಅದರಲ್ಲಿ ಹಗಲೂ ರಾತ್ರಿ ಒತ್ತಡ ಇರುವುದರಿಂದ ಮನೆಯವರು ಊರಿಗೆ ಹೋದಾಗಲೂ ತೇವ ಆರುವುದಿಲ್ಲ. ಎರಡನೆಯದು ನೀರು ಹೋಗುವ ಪೈಪ್, ಬಾತ್‌ರೂಮಿನ ನೆಲ, ನಹಾನಿ ಟ್ರ್ಯಾಪಿನ ಸುತ್ತಲಿನ ಸಂದು. ಇವು ಸೋರುವುದು ಸ್ನಾನ ಮಾಡಿದಾಗ, ಬಟ್ಟೆ ಒಗೆದಾಗ. ಎರಡು ದಿನ ಆ ಬಾತ್‌ರೂಮ್ ಬಳಸದಿದ್ದರೆ ಕಲೆ ಒಣಗತೊಡಗುತ್ತದೆ. ಮೂರನೆಯದು ಮಳೆ. ಜೂನ್‌ನಲ್ಲಿ ಬಂದು ಜನವರಿಯಲ್ಲಿ ಮಾಯವಾಗುವ ಕಲೆಗೆ ಪ್ಲಂಬರ್ ಬೇಕಿಲ್ಲ, ತಾರಸಿಯನ್ನೋ ಹೊರಗೋಡೆಯ ಬಿರುಕನ್ನೋ ನೋಡುವವರು ಬೇಕು.

ಹಾಗಾದರೆ ಪರೀಕ್ಷೆ ಸುಲಭ. ರಾತ್ರಿ ಎಲ್ಲ ನಲ್ಲಿಗಳನ್ನು ಮುಚ್ಚಿ, ಪಂಪ್ ಆರಿಸಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಗ್ಗೆ ಮಟ್ಟ ಇಳಿದಿದ್ದರೆ ಬರುವ ಪೈಪಿನಲ್ಲೋ ಯಾವುದಾದರೂ ಕಮೋಡಿನ ಫ್ಲಶ್ ಟ್ಯಾಂಕಿನಲ್ಲೋ ಸೋರಿಕೆ ಇದೆ. ಮಾರನೆಯ ರಾತ್ರಿ ಒಂದೊಂದೇ ಬಾತ್‌ರೂಮಿನ ವಾಲ್ವ್ ಮುಚ್ಚಿ ನೋಡಿದರೆ ಯಾವ ಲೈನು ಎಂಬುದೂ ಸಿಗುತ್ತದೆ. ಫ್ಲಶ್ ಟ್ಯಾಂಕಿನ ಅನುಮಾನವಿದ್ದರೆ ಅದರೊಳಗೆ ಒಂದಿಷ್ಟು ಅಡುಗೆ ಬಣ್ಣ ಹಾಕಿ ಬಿಡಿ. ಫ್ಲಶ್ ಮಾಡದೆಯೇ ಕಮೋಡಿಗೆ ಬಣ್ಣ ಇಳಿದರೆ ಒಳಗಿನ ರಬ್ಬರ್ ಸವೆದಿದೆ ಎಂದು ಅರ್ಥ. ಬಾತ್‌ರೂಮಿನ ನೆಲದ ಮೇಲೆ ಅನುಮಾನವಿದ್ದರೆ ನಹಾನಿ ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ ಒಂದೆರಡು ಇಂಚು ನೀರು ಕಟ್ಟಿ 24 ಗಂಟೆ ಬಿಡುತ್ತಾರೆ. ಕೆಳಗಡೆ ತೇವ ಹೆಚ್ಚಿದರೆ ನೆಲದ ವಾಟರ್‌ಪ್ರೂಫಿಂಗ್ ಹೋಗಿದೆ. ಪೈಪ್ ಬದಲಿಸಿ ಪ್ರಯೋಜನವಿಲ್ಲ.

ನಂಬಬಹುದಾದ ಪ್ಲಂಬರ್ ಈ ಪರೀಕ್ಷೆಗಳನ್ನು ತಾವೇ ಹೇಳುತ್ತಾರೆ. ‘ಇವತ್ತು ಹೀಗೆ ಮಾಡಿ ನೋಡಿ ಅಣ್ಣ, ನಾಡಿದ್ದು ಬರ್ತೀನಿ’ ಎಂದು ಹೇಳಿ ಒಂದು ದಿನದ ಕೂಲಿ ಬಿಟ್ಟುಹೋಗುವವರನ್ನು ಕಳೆದುಕೊಳ್ಳಬೇಡಿ. ಅಂಥವರಿಗೆ ಬಂದುಹೋದದ್ದಕ್ಕೆ ದುಡ್ಡು ಕೊಡಬೇಕು. ಕಾರಣ ಹುಡುಕುವುದೂ ಕೆಲಸವೇ. ಡಾಕ್ಟರಿಗೆ ಬರೀ ನೋಡಿದ್ದಕ್ಕೆ ಫೀಸ್ ಕೊಡುವ ನಾವು ಪ್ಲಂಬರನ್ನು ‘ಏನೂ ಮಾಡಲೇ ಇಲ್ಲವಲ್ಲ’ ಎಂದು ಬರಿಗೈಯಲ್ಲಿ ಕಳಿಸುತ್ತೇವೆ. ಮುಂದಿನ ಸಲ ಅವರು ಏನಾದರೂ ಬಿಚ್ಚಿ, ಏನಾದರೂ ಬದಲಿಸಿಯೇ ಹೋಗುತ್ತಾರೆ. ಆ ಪಾಠ ಕಲಿಸಿದವರು ನಾವೇ.

ಕೆಲವಕ್ಕಂತೂ ಯಾರನ್ನೂ ಕರೆಯಬೇಕಿಲ್ಲ. ಬಳಸದ ಬಾತ್‌ರೂಮಿನಿಂದ ಗಬ್ಬು ವಾಸನೆ ಬಂದರೆ ಟ್ರ್ಯಾಪಿನಲ್ಲಿ ನಿಂತಿರಬೇಕಾದ ನೀರು ಆರಿಹೋಗಿದೆ ಎಂದರ್ಥ. ಒಂದು ಚೊಂಬು ನೀರು ಸುರಿದರೆ ಆಯಿತು. ವಾಷ್‌ಬೇಸಿನ್ ನಲ್ಲಿ ಸಣ್ಣಗೆ ಬಂದರೆ ಮೂತಿಯ ಜಾಲರಿ ಬಿಚ್ಚಿ ವಿನಿಗರ್‌ನಲ್ಲೋ ನಿಂಬೆರಸದಲ್ಲೋ ನೆನೆಸಿಡಿ, ಬೋರ್ ನೀರಿನ ಸುಣ್ಣ ಬಿಡುತ್ತದೆ. ಟ್ಯಾಂಕ್ ತೊಳೆಸಿದ ಮೇಲೆ ಒಂದು ನಲ್ಲಿಯಲ್ಲಿ ಮಾತ್ರ ನೀರು ಬರದಿದ್ದರೆ ಅದು ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡ ಏರ್‌ಲಾಕ್. ಫೋನಿನಲ್ಲೇ ಇದನ್ನು ಹೇಳಿ ಮುಗಿಸುವ ಪ್ಲಂಬರ್ ಸಿಕ್ಕರೆ ನಿಮ್ಮ ಅದೃಷ್ಟ.

ಶವರ್ ವಿಷಯ ಒಂದಿದೆ. ‘ಪ್ರೆಷರ್ ಇಲ್ಲ, ಪಂಪ್ ಹಾಕಿಸಿ’ ಎನ್ನುವ ಸಲಹೆ ಈಗ ಮಾಮೂಲು. ಕೆಲವೊಮ್ಮೆ ಸರಿಯೂ ಹೌದು. ಲೆಕ್ಕ ಇಷ್ಟೇ: 10 ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ 1 ಕೆ.ಜಿ. ಒತ್ತಡ ಕೊಡುತ್ತದೆ. ಶವರಿಗಿಂತ ಟ್ಯಾಂಕ್ ಮೂರೇ ಮೀಟರ್ ಮೇಲಿದ್ದರೆ ಸಿಗುವುದು 0.3 ಕೆ.ಜಿ. ಅಷ್ಟರಲ್ಲಿ ತಟ್ಟೆಯಗಲದ ರೇನ್ ಶವರ್ ಸುರಿಯುವುದಿಲ್ಲ, ತೊಟ್ಟಿಕ್ಕುತ್ತದೆ. ಮೇಲಿನ ಮಹಡಿಯವರಿಗೆ ಪಂಪ್ ಬೇಕಾಗಬಹುದು, ಇಲ್ಲವೇ ಸಣ್ಣ ಶವರ್ ಸಾಕಾಗಬಹುದು. ಎರಡು ಮಹಡಿ ಕೆಳಗಿರುವವರಿಗೂ ಪಂಪ್ ಹಾಕಿ ಎಂದರೆ ಮೊದಲು ಪೈಪ್ ಎಲ್ಲಾದರೂ ಕಟ್ಟಿದೆಯಾ ಎಂದು ಕೇಳಿ.

ಪೈಪಿನ ಮೇಲಿನ ಅಕ್ಷರ ಓದಿ

ದೊಡ್ಡ ಕೆಲಸಕ್ಕೆ ಬಂದರೆ ಸಾಮಾನಿನ ಮಾತು. ಹಳೆಯ ಮನೆಗಳಲ್ಲಿ ಜಿಐ ಪೈಪ್. ಒಳಗೆ ತುಕ್ಕು ಹಿಡಿದು ಸಂದು ಬೆರಳಷ್ಟೂ ಉಳಿದಿರುವುದಿಲ್ಲ. ಈಗ ತಣ್ಣೀರಿಗೆ ಯುಪಿವಿಸಿ, ಬಿಸಿನೀರಿಗೆ ಕೆನೆ ಬಣ್ಣದ ಸಿಪಿವಿಸಿ. ತಣ್ಣೀರಿನ ಪೈಪನ್ನು ಗೀಸರ್ ಲೈನಿಗೆ ಹಾಕಿದರೆ ಸ್ವಲ್ಪ ಕಾಲದಲ್ಲೇ ಮೆತ್ತಗಾಗಿ ಬಾಗುತ್ತದೆ. ಸಿಪಿವಿಸಿಯ ಭಾರತೀಯ ಮಾನಕ ಐಎಸ್ 15778, ನೀರಿನ ಯುಪಿವಿಸಿ ಪೈಪಿನದು ಐಎಸ್ 4985. ಪೈಪಿನ ಮೈಮೇಲೆ ಕಂಪನಿ ಹೆಸರು, ಅಳತೆ, ದರ್ಜೆ, ಐಎಸ್‌ಐ ಗುರುತು, ಸಿಎಂ/ಎಲ್ ಎಂಬ ಲೈಸೆನ್ಸ್ ಸಂಖ್ಯೆ ಮುದ್ರಿಸಿರುತ್ತಾರೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ.

ಮೋಸ ನಡೆಯುವುದು ಹೆಚ್ಚಾಗಿ ದರ್ಜೆಯಲ್ಲಿ. ಸಿಪಿವಿಸಿಯಲ್ಲಿ ಎಸ್‌ಡಿಆರ್ 11, ಎಸ್‌ಡಿಆರ್ 13.5 ಎಂದು ಎರಡು ಬರುತ್ತವೆ. ಪೈಪಿನ ಹೊರವ್ಯಾಸವನ್ನು ಗೋಡೆಯ ದಪ್ಪದಿಂದ ಭಾಗಿಸಿದ ಸಂಖ್ಯೆ ಅದು; ಸಂಖ್ಯೆ ಚಿಕ್ಕದಾದಷ್ಟೂ ಪೈಪ್ ದಪ್ಪ. ಎಸ್ಟಿಮೇಟಿನಲ್ಲಿ 11 ಎಂದು ಬರೆದು ಗೋಡೆಯೊಳಗೆ 13.5 ಹಾಕಿದರೆ ಪ್ಲಾಸ್ಟರ್ ಆದ ಮೇಲೆ ಯಾರೂ ಕಂಡುಹಿಡಿಯಲಾರರು. ಸಾಮಾನು ಇಳಿದ ದಿನವೇ ಓದಿ ನೋಡಿ, ಫೋಟೊ ತೆಗೆದಿಟ್ಟುಕೊಳ್ಳಿ. ಅಂಟಿನ ಡಬ್ಬವನ್ನೂ ನೋಡಿ. ಸಿಪಿವಿಸಿಯ ಸಲ್ಯೂಷನ್ ಬೇರೆ, ಯುಪಿವಿಸಿಯದು ಬೇರೆ. ಎರಡು ಬಗೆಯ ಪೈಪ್ ಇರುವ ಮನೆಗೆ ಒಂದೇ ಡಬ್ಬ ಹಿಡಿದು ಬಂದವರನ್ನು ಅಲ್ಲೇ ನಿಲ್ಲಿಸಿ ಕೇಳಬೇಕು.

ಸಾಮಾನು ಯಾರು ತರಬೇಕು ಎನ್ನುವುದು ಹಳೆಯ ಜಗಳ. ಪ್ಲಂಬರ್ ತಂದರೆ ಅಂಗಡಿಯಿಂದ ಅವರಿಗೆ ಕಮಿಷನ್ ಇರುತ್ತದೆ. ಇದನ್ನು ಕಳ್ಳತನದಂತೆ ನೋಡುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ, ಎಲ್ಬೋ, ಟೀ, ಕಪ್ಲರ್, ರೆಡ್ಯೂಸರ್ ಎಂದು ಇಪ್ಪತ್ತು ಬಗೆಯ ಸಾಮಾನು ಸರಿಯಾಗಿ ಆರಿಸಿ, ಹೊತ್ತು ತರುವುದಕ್ಕೂ ಬೆಲೆಯಿದೆ. ತೊಂದರೆ ಬರುವುದು ಕಮಿಷನ್ನಿಗಾಗಿ ಬೇಡದ್ದನ್ನು ಹೆಚ್ಚು ಬರೆದಾಗ. ಅದಕ್ಕೆ ದಾರಿ: ಚೀಟಿ ಪ್ಲಂಬರ್ ಬರೆಯಲಿ, ಕಂಪನಿ ಮತ್ತು ದರ್ಜೆ ನೀವು ಹೇಳಿ, ಇಬ್ಬರೂ ಒಟ್ಟಿಗೆ ಅಂಗಡಿಗೆ ಹೋಗಿ, ಬಿಲ್ ನಿಮ್ಮ ಹೆಸರಿಗೆ ಇರಲಿ. ಉಳಿದ ಫಿಟಿಂಗ್ಸ್ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಅಂಗಡಿಯವರನ್ನು ಮೊದಲೇ ಕೇಳಿ. ಒಡೆಯದ ಪೊಟ್ಟಣವಾದರೆ ಬಹಳಷ್ಟು ಅಂಗಡಿಯವರು ತೆಗೆದುಕೊಳ್ಳುತ್ತಾರೆ.

ಗೋಡೆ ಮುಚ್ಚುವ ದಿನ

ಮನೆ ಕಟ್ಟಿಸುವವರು, ಬಾತ್‌ರೂಮ್ ಹೊಸದು ಮಾಡಿಸುವವರು ರಜೆ ಹಾಕಿಯಾದರೂ ಇರಬೇಕಾದ ದಿನ ಇದು. ಪೈಪ್ ಕೂರಿಸಿ, ಅಂಟು ಒಣಗಲು ಒಂದು ದಿನ ಬಿಟ್ಟು, ಎಲ್ಲ ಬಾಯಿಗಳಿಗೂ ಪ್ಲಗ್ ಹಾಕಿ, ಕೈಪಂಪಿನಿಂದ ಒತ್ತಡ ತುಂಬಿ ನೋಡುವುದಕ್ಕೆ ಪ್ರೆಷರ್ ಟೆಸ್ಟ್ ಎನ್ನುತ್ತಾರೆ. ಮನೆಗಳಲ್ಲಿ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 10 ಕೆ.ಜಿ.ವರೆಗೆ, ಅಂದರೆ ಸುಮಾರು 150 ಪಿಎಸ್‌ಐ ಏರಿಸಿ ಬಿಡುತ್ತಾರೆ. ಗಂಟೆಗಟ್ಟಲೆ ಕಳೆದರೂ ಮುಳ್ಳು ಅಲ್ಲೇ ನಿಂತಿರಬೇಕು. ಇಳಿದರೆ ಎಲ್ಲೋ ಒಂದು ಜಾಯಿಂಟ್ ಬೆವರುತ್ತಿದೆ. ಈಗ ಹುಡುಕಿದರೆ ಅರ್ಧ ಗಂಟೆಯ ಕೆಲಸ. ಟೈಲ್ಸ್ ಕೂತ ಮೇಲೆ ಹುಡುಕಿದರೆ ಟೈಲ್ಸ್ ಖರ್ಚು, ಮೇಸ್ತ್ರಿ ಕೂಲಿ, ಅದೇ ಬಣ್ಣದ ಟೈಲ್ಸ್ ಸಿಗದ ಸಂಕಟ.

‘ಟೆಸ್ಟ್ ಎಲ್ಲ ಬೇಡ ಮೇಡಂ, ಹದಿನೈದು ವರ್ಷದಿಂದ ಮಾಡ್ತಿದೀನಿ’ ಎನ್ನುವ ಉತ್ತರ ಬಂದರೆ ಒಪ್ಪಬೇಡಿ. ಹದಿನೈದು ವರ್ಷ ಮಾಡಿದವರ ಬಳಿ ಟೆಸ್ಟ್ ಪಂಪ್ ಇರುತ್ತದೆ, ಇಲ್ಲವೇ ಬಾಡಿಗೆಗೆ ಎಲ್ಲಿ ಸಿಗುತ್ತದೆಂದು ಗೊತ್ತಿರುತ್ತದೆ.

ಟೆಸ್ಟ್ ಮುಗಿದ ಮೇಲೆ ಪ್ರತಿ ಗೋಡೆಯ ಫೋಟೊ ತೆಗೆಯಿರಿ, ಅಳತೆ ಟೇಪನ್ನು ಪಕ್ಕದಲ್ಲಿ ಹಿಡಿದು. ನೆಲದಿಂದ ಎಷ್ಟು ಎತ್ತರದಲ್ಲಿ, ಮೂಲೆಯಿಂದ ಎಷ್ಟು ದೂರದಲ್ಲಿ ಪೈಪ್ ಹೋಗಿದೆ ಎಂಬುದು ಅದರಲ್ಲಿ ಇರಲಿ. ಮುಂದೆ ಯಾವತ್ತೋ ಕನ್ನಡಿ ತೂಗುಹಾಕಲು ಡ್ರಿಲ್ ಹಿಡಿದಾಗ ಆ ಫೋಟೊದ ಬೆಲೆ ತಿಳಿಯುತ್ತದೆ. ನೆಲದ ಇಳಿಜಾರನ್ನು ಟೈಲ್ಸ್ ಹಾಕಿದ ಸಂಜೆಯೇ ಬಕೆಟ್ ನೀರು ಸುರಿದು ನೋಡಿ. ನೀರು ಮೂಲೆಯಲ್ಲಿ ನಿಂತರೆ ಪ್ಲಂಬರ್ ಮೇಸ್ತ್ರಿಯ ಮೇಲೆ, ಮೇಸ್ತ್ರಿ ಪ್ಲಂಬರ್ ಮೇಲೆ ಹಾಕುತ್ತಾರೆ. ಇಬ್ಬರೂ ಅಲ್ಲೇ ಇರುವಾಗ ಸುರಿಯುವುದು ಜಾಣತನ.

ಗೀಸರ್ ಮತ್ತು ಸೋಲಾರ್ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ಸ್ಟೋರೇಜ್ ಗೀಸರಿನ ಸೇಫ್ಟಿ ವಾಲ್ವಿನಿಂದ ನೀರು ಕಾಯುವಾಗ ಒಂದೆರಡು ಹನಿ ಬೀಳುವುದು ಸಹಜ. ಅದನ್ನು ‘ಲೀಕೇಜ್’ ಎಂದು ಹೇಳಿ ಪ್ಲಗ್ ಹಾಕಿ ಮುಚ್ಚಿದರೆ ಒಳಗಿನ ಒತ್ತಡಕ್ಕೆ ಹೊರದಾರಿ ಇಲ್ಲದೆ ಟ್ಯಾಂಕ್ ಸಿಡಿಯಬಹುದು. ತಾರಸಿಯ ಸೋಲಾರ್ ಟ್ಯಾಂಕಿನ ಏರ್‌ವೆಂಟ್ ಪೈಪೂ ಹಾಗೆಯೇ, ಅದರ ಬಾಯಿ ಸದಾ ತೆರೆದಿರಬೇಕು. ಇವುಗಳಲ್ಲಿ ಯಾವುದಾದರೂ ಒಂದನ್ನು ಮುಚ್ಚಲು ಹೊರಟವರಿಗೆ ಕೆಲಸವೇ ಗೊತ್ತಿಲ್ಲ. ಗೀಸರಿನ ವೈರಿಂಗ್ ಎಲೆಕ್ಟ್ರೀಷಿಯನ್ ಕೆಲಸ, ‘ಅದನ್ನೂ ನಾನೇ ಕೊಟ್ಬಿಡ್ತೀನಿ’ ಎಂದರೆ ಬೇಡವೆನ್ನಿ.

ದುಡ್ಡಿನ ಮಾತು

ಸಣ್ಣ ರಿಪೇರಿಗೆ ಬಂದುಹೋಗುವ ಚಾರ್ಜು ಮತ್ತು ಕೆಲಸದ ಕೂಲಿ. ಹೊಸ ಮನೆಗೆ ಪಾಯಿಂಟ್ ಲೆಕ್ಕ, ಬಾತ್‌ರೂಮ್ ಲೆಕ್ಕ ಅಥವಾ ಚದರಡಿ ಲೆಕ್ಕ. ದಿನಗೂಲಿಗೆ ಒಪ್ಪಿಸಿದರೆ ಕೆಲಸ ಎಳೆಯುತ್ತದೆ, ಒಟ್ಟು ಗುತ್ತಿಗೆಗೆ ಕೊಟ್ಟರೆ ಓಡುತ್ತದೆ. ಯಾವುದಾದರೂ ಸರಿ, ಒಂದು ವಾಟ್ಸ್‌ಆ್ಯಪ್ ಮೆಸೇಜಿನಲ್ಲಾದರೂ ಬರೆದುಕೊಂಡಿರಬೇಕು. ಮುಖ್ಯವಾಗಿ ಮೂರು ವಿಷಯ: ಗೋಡೆ ಕೊರೆದ ಮೇಲೆ ಮುಚ್ಚುವವರು ಯಾರು, ಕಸ ಹೊರಹಾಕುವವರು ಯಾರು, ಮತ್ತೆ ಸೋರಿದರೆ ಎಷ್ಟು ತಿಂಗಳವರೆಗೆ ಕೂಲಿಯಿಲ್ಲದೆ ಸರಿಮಾಡಿಕೊಡುತ್ತಾರೆ. ಜಗಳಗಳೆಲ್ಲ ಹುಟ್ಟುವುದು ಈ ಮೂರರಲ್ಲೇ.

ಸಾಮಾನು ನೀವೇ ತಂದಿದ್ದರೆ ದೊಡ್ಡ ಅಡ್ವಾನ್ಸ್ ಕೊಡಬೇಕಿಲ್ಲ. ಹಂತಹಂತವಾಗಿ ಕೊಡಿ: ಗೋಡೆ ಕೊರೆದು ಪೈಪ್ ಕೂರಿಸಿದ ಮೇಲೆ ಒಂದು ಪಾಲು, ಪ್ರೆಷರ್ ಟೆಸ್ಟ್ ಆದ ಮೇಲೆ ಒಂದು, ನಲ್ಲಿ ಕಮೋಡು ಕೂರಿಸಿದ ಮೇಲೆ ಒಂದು. ಸ್ವಲ್ಪ ಮೊತ್ತವನ್ನು ಒಂದು ತಿಂಗಳು ಬಳಸಿ ನೋಡಿದ ಮೇಲೆ ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ, ಮತ್ತು ತಿಂಗಳಾದ ದಿನ ಅವರು ಕೇಳುವ ಮೊದಲೇ ಕಳಿಸಿ. ಕೂಲಿಗಾಗಿ ಮೂರು ಸಲ ಅಲೆಸಿದ ಮನೆಗೆ ಭಾನುವಾರ ಸಂಜೆ ಯಾವ ಪ್ಲಂಬರೂ ಬರುವುದಿಲ್ಲ. ಬಾತ್‌ರೂಮ್ ಕಟ್ಟಲು ಬಂದವರಿಗೆ ಬಾತ್‌ರೂಮ್ ಬಳಸಲು ಬಿಡದ, ಕುಡಿಯುವ ನೀರಿಗೆ ಬೇರೆ ಲೋಟ ಇಡುವ ಮನೆಗಳು ಈಗಲೂ ಇವೆ. ಅಂಥ ಮನೆಯವರೇ ‘ಕೆಲಸಗಾರರಿಗೆ ನಿಯತ್ತಿಲ್ಲ’ ಎಂದು ದೂರುವುದನ್ನು ಕೇಳಿದರೆ ನಗು ಬರುತ್ತದೆ.

ನಿಜವಾಗಿಯೂ ಮೋಸವಾದರೆ? ಹಣ ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಆದರೆ ಬಿಲ್, ಮೆಸೇಜ್, ಫೋಟೊ ಇಲ್ಲದ ದೂರು ನಿಲ್ಲುವುದಿಲ್ಲ. ಎರಡು ಸಾವಿರ ರೂಪಾಯಿಯ ಕೆಲಸಕ್ಕೆ ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ ಎಂಬುದೂ ಸತ್ಯ. ದೊಡ್ಡ ಮೊತ್ತದ ಗುತ್ತಿಗೆಯಾದರೆ ಬಿಡಬೇಡಿ.

ಇನ್ನೊಂದು ವಿಷಯವನ್ನು ಪ್ಲಂಬರ್ ಕೈಗೆ ಕೊಡಲೇಬಾರದು. ಮ್ಯಾನ್‌ಹೋಲ್ ಕಟ್ಟಿಕೊಂಡಿತು, ಸೆಪ್ಟಿಕ್ ಟ್ಯಾಂಕ್ ತುಂಬಿತು ಎಂದಾಗ ‘ಸ್ವಲ್ಪ ಇಳಿದು ನೋಡಪ್ಪ, ಐನೂರು ಜಾಸ್ತಿ ಕೊಡ್ತೀನಿ’ ಎನ್ನುವವರಿದ್ದಾರೆ. ಒಳಗಿನ ವಿಷಾನಿಲಕ್ಕೆ ಉಸಿರು ನಿಲ್ಲಲು ಕೆಲವೇ ಕ್ಷಣ ಸಾಕು. ಎಳೆಯಲು ಇಳಿದ ಎರಡನೆಯವರೂ ಸಾಯುತ್ತಾರೆ. ಯಾವ ರಕ್ಷಣೆಯೂ ಇಲ್ಲದೆ ಹೀಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ, ಇಳಿಸಿದ ಮನೆ ಮಾಲೀಕರೂ ಕೇಸಿಗೆ ಸಿಲುಕುತ್ತಾರೆ. ಒಳಚರಂಡಿ ಸಾವುಗಳಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಸೆಪ್ಟಿಕ್ ಟ್ಯಾಂಕಿಗೆ ಸಕ್ಕಿಂಗ್ ಯಂತ್ರದ ಗಾಡಿ ಕರೆಸಿ. ಬೆಂಗಳೂರಿನಲ್ಲಿ ಬೀದಿಯ ಒಳಚರಂಡಿ ಉಕ್ಕಿದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಕಾಂಪೌಂಡಿನ ಒಳಗಿನ ಚೇಂಬರ್ ಕಟ್ಟಿದ್ದರೆ ಪ್ಲಂಬರ್ ಹೊರಗೇ ನಿಂತು ರಾಡ್ ಹಾಕಿ ಬಿಡಿಸಬೇಕು.